ಮಗಳ ನಾಲ್ಕು ಹಲ್ಲು ಹುಳುಕು, ಶಾಲೆಯಿಂದ ಚೀಟಿ ಬಂದಿದೆ. ಅನುಭವ ಇರುವವರು ಹೇಳಿ

ಚಿಂತಾಮಣಿ ಅಮ್ಮ:
ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು, ಸರ್ಕಾರಿ ಶಾಲೆ. ಹೋದ ವಾರ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಡಾಕ್ಟರುಗಳು ಬಂದು ಟಾರ್ಚ್ ಹಾಕಿ ನೋಡಿ, ನಾಲ್ಕು ದವಡೆ ಹಲ್ಲು ಹುಳುಕು ಅಂತ ಚೀಟಿ ಕೊಟ್ಟಿದ್ದಾರೆ. ರಾತ್ರಿ ಒಂದೊಂದು ಸಲ ಅಳುತ್ತಾಳೆ, ಲವಂಗದ ಎಣ್ಣೆ ಇಟ್ಟರೆ ಮಲಗುತ್ತಾಳೆ. ಪ್ರೈವೇಟ್‌ನಲ್ಲಿ 24,000 ಆಗುತ್ತೆ ಅಂದರು. ಅತ್ತೆ ಮಾತ್ರ "ಹಾಲುಹಲ್ಲು ತಾನೇ, ಬಿದ್ದು ಹೋಗುತ್ತೆ, ದುಡ್ಡು ಯಾಕೆ ಸುರೀತೀರಾ" ಅಂತಾರೆ. ಈಗ ಶಾಲೆಯಲ್ಲಿ ಒಂದು ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಹದಿನೈದು ದಿನದಲ್ಲಿ ತೋರಿಸುತ್ತೇವೆ, ಇಲ್ಲದಿದ್ದರೆ ಮುಂದಿನದಕ್ಕೆ ನಾವೇ ಜವಾಬ್ದಾರರು ಅಂತ. ತೋರಿಸದಿದ್ದರೆ ಮಕ್ಕಳ ರಕ್ಷಣೆಯವರಿಗೆ ತಿಳಿಸಬೇಕಾಗುತ್ತೆ ಅಂತ ಒಬ್ಬರು ಮೇಡಂ ಹೆದರಿಸಿದರು. ಸಹಿ ಹಾಕಬೇಕಾ? ಸೋಮವಾರ ವಾಪಸ್ ಕೊಡಬೇಕು.

ಗೂಡು ಮಾರ್ಕೆಟ್, ಶಿಡ್ಲಘಟ್ಟ:
ಮಾಡಿಸಿ. ಎರಡು ಮಾತಿಲ್ಲ. ನನ್ನ ಮಗನಿಗೆ ಐದು ವರ್ಷ ಇದ್ದಾಗ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮಾಡಿಸಿದೆ. ಲೆಕ್ಕ ಪುಸ್ತಕದಲ್ಲಿದೆ. ರೂಟ್ ಕೆನಾಲ್ ನಾಲ್ಕು ಹಲ್ಲಿಗೆ 3,500ರಂತೆ 14,000. ಅದರಲ್ಲಿ ಮೂರಕ್ಕೆ ಸ್ಟೀಲ್ ಕ್ಯಾಪು, 2,000ದಂತೆ 6,000. ಮುಂದಿನ ಹಲ್ಲಿಗೆ ಬಿಳಿ ಕ್ಯಾಪು 5,500, ಹೆಂಡತಿ ಹಟ. ಎಕ್ಸ್‌ರೇ ಎಂಟು, 250ರಂತೆ 2,000. ಸಣ್ಣ ಫಿಲ್ಲಿಂಗ್ ಎರಡಕ್ಕೆ 1,800. ಮಗ ಬಾಯಿಯನ್ನೇ ತೆರೆಯದೆ ವಾಪಸ್ ಬಂದ ಎರಡು ದಿನಕ್ಕೂ ಕನ್ಸಲ್ಟೇಷನ್ 300, 300. ಬಸ್ಸು, ಆಟೊ ಸೇರಿ 2,100. ಒಟ್ಟು 32,000. ಒಂದು ಬೆಳೆ ರೇಷ್ಮೆ ಗೂಡಿನ ದುಡ್ಡು ಪೂರ್ತಿ ಅವನ ಬಾಯಿಗೇ ಹೋಯಿತು.

ಮುಗಿಯಲಿಲ್ಲ. ಮೂರನೇ ತಿಂಗಳು ಕಡಲೆ ಮಿಠಾಯಿ ಕಚ್ಚಿ ಒಂದು ಸ್ಟೀಲ್ ಕ್ಯಾಪು ಕಿತ್ತು ಬಂತು. ನುಂಗಿಬಿಟ್ಟ. ಎರಡು ದಿನ ನಾನು ಹಿತ್ತಲಲ್ಲಿ ಕಡ್ಡಿ ಹಿಡಿದುಕೊಂಡು ಹುಡುಕಿದ್ದು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಸಿಕ್ಕಿತು. ತೊಳೆದು, ವಿಭೂತಿ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಡಾಕ್ಟರು ಮುಖ ಸಿಂಡರಿಸಿ, ಇದನ್ನು ಮತ್ತೆ ಹಾಕಲ್ಲ ಅಂದರು. ಹೊಸದಕ್ಕೆ ಇನ್ನೆರಡು ಸಾವಿರ. 34,000.

ಆದರೆ ಅವತ್ತಿಂದ ಒಂದು ದಿನ ಅತ್ತಿಲ್ಲ. ಮುದ್ದೆ ನುಂಗುತ್ತಿದ್ದವನು ಈಗ ಚಕ್ಕುಲಿ ಕಡಿಯುತ್ತಾನೆ. ಅಪ್ಪ ಅಮ್ಮ ಅಂದಮೇಲೆ ಇಷ್ಟಾದರೂ ಮಾಡಬೇಕು ಅಲ್ವಾ.

ಪಾವಗಡದ ಸೊಸೆ:
ದುಡ್ಡಿದ್ದವರು ಲೆಕ್ಕ ಹೇಳುವುದು ಸುಲಭ ಅಣ್ಣ. ನಮ್ಮ ಕಥೆ ಬೇರೆ. ನನ್ನ ಹಲ್ಲು ಕಂದು, ನನ್ನ ತಮ್ಮನದ್ದು ಕಂದು, ಈಗ ಇಬ್ಬರು ಮಕ್ಕಳದ್ದೂ ಕಂದು ಪಟ್ಟಿ. ದೊಡ್ಡವಳನ್ನು ದೂರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ, ಕುರ್ಚಿ ತುಂಬಾ ಜನ ಕೂತಿರುವಾಗ, "ಬ್ರಶ್ ಮಾಡಿಸಲ್ವೇನಮ್ಮಾ, ಏನು ತಾಯಿ ನೀನು" ಅಂದರು. ನಾನು ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ನಿಂತು ಉಜ್ಜಿಸಿದವಳು.

ಅದು ಕೊಳೆಯಲ್ಲ, ಫ್ಲೋರೋಸಿಸ್. ನೀರಿನದು. ನಮ್ಮೂರ ಬೋರ್ ನೀರು ಟೆಸ್ಟ್ ಮಾಡಿಸಿದಾಗ ಲೀಟರಿಗೆ 3.2 ಮಿಲಿಗ್ರಾಂ ಫ್ಲೋರೈಡ್ ಬಂತು. ಇರಬೇಕಾದ್ದು 1, ಬೇರೆ ನೀರಿನ ಗತಿಯೇ ಇಲ್ಲದಿದ್ದರೆ 1.5 ತನಕ. ಮಗುವಿನ ಕಾಯಂ ಹಲ್ಲು ಎಂಟು ವರ್ಷದ ತನಕ ದವಡೆ ಒಳಗೇ ತಯಾರಾಗುತ್ತಿರುತ್ತೆ. ಆಗ ಕುಡಿದ ನೀರು ಹಲ್ಲಿನಲ್ಲೇ ಉಳಿದುಬಿಡುತ್ತೆ. ಹೊರಗೆ ಬಂದಮೇಲೆ ಎಷ್ಟು ಉಜ್ಜಿದರೇನು? ಕುದಿಸಿದರೂ ಹೋಗಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡು ಇನ್ನೂ ಗಟ್ಟಿಯಾಗುತ್ತೆ. ಇದು ಗೊತ್ತಿಲ್ಲದೆ ನಾನು ಆರು ವರ್ಷ ಸೌದೆ ಸುಟ್ಟು ಕುದಿಸಿ ಕುಡಿಸಿದೆ. ಆಮೇಲೆ ಬಿಳಿ ಮಾಡಿಸುತ್ತೇವೆ ಅಂತ 12,000 ಕೊಟ್ಟೆವು. ಒಂದೂವರೆ ವರ್ಷಕ್ಕೆ ಮತ್ತೆ ಅದೇ ಬಣ್ಣ. ಮಗಳು ಈಗ ಬಾಯಿ ಮುಚ್ಚಿಕೊಂಡು ನಗುತ್ತಾಳೆ.

ಆ ಬೋರ್ ಕೊರೆಸಿದ್ದು ಯಾರು? ನಲ್ಲಿ ಹಾಕಿದ್ದು ಯಾರು? ಹೆತ್ತವರ ಹತ್ತಿರ ಸಹಿ ತಗೊಳ್ಳುತ್ತಾರಂತೆ. ಮೊದಲು ಪಂಚಾಯಿತಿಯವರ ಹತ್ತಿರ ತಗೊಳ್ಳಲಿ.

ಮೇಷ್ಟ್ರು, ಕೋಲಾರ:
ಪಾವಗಡದ ಅಮ್ಮನವರೇ, ನಿಮ್ಮ ನೋವು ಸರಿ. ಆದರೆ ಚೀಟಿ ಬಂದಿರುವುದು ಹುಳುಕಿಗೆ, ಕಲೆಗಲ್ಲ. ಹುಳುಕನ್ನು ಬೋರ್‌ವೆಲ್ ತಲೆಗೆ ಕಟ್ಟಬೇಡಿ. ಅದು ಐದು ರೂಪಾಯಿ ಬಿಸ್ಕತ್ತು, ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದು, ಇವುಗಳ ಕೆಲಸ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ.

ಮೂರನೇ ಕ್ಲಾಸಿನ ಒಬ್ಬ ಹುಡುಗ. ಒಂದು ಸೋಮವಾರ ಕೆನ್ನೆ ಬನ್ನಿನ ಹಾಗೆ ಊದಿತ್ತು, ಬೆಂಚಿನ ಮೇಲೆ ತಲೆ ಇಟ್ಟು ಮಲಗಿದ್ದ. ಮುಟ್ಟಿದರೆ ಕೆಂಡದಂಥ ಜ್ವರ. ಬೆಳಿಗ್ಗೆ ಕೊಡುವ ಹಾಲನ್ನೂ ಕುಡಿಯಲಿಲ್ಲ, ಬಿಸಿ ತಾಗಿದರೆ ಚೀರುತ್ತಿದ್ದ. ಅಪ್ಪ ಟೊಮೆಟೊ ಮಂಡಿ ವ್ಯಾಪಾರಿ. ಆ ವರ್ಷ ಬಾಕ್ಸಿಗೆ ಒಳ್ಳೆ ರೇಟು, ಹೊಸ ಕಾರು ತಗೊಂಡಿದ್ದ. ಮೂರು ಸಲ ಫೋನ್ ಮಾಡಿದೆ. "ಲೋಡು ಹೋಗ್ತಿದೆ ಸಾರ್, ಸಂಜೆ ನೋಡ್ತೀನಿ" ಅಂದ. ನಾನೇ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಕೀವು ತೆಗೆದು ಇಂಜೆಕ್ಷನ್ ಕೊಟ್ಟರು. ಮಾರನೇ ದಿನ ಅಪ್ಪ ಶಾಲೆಗೆ ಬಂದ. ಥ್ಯಾಂಕ್ಸ್ ಹೇಳುವುದಕ್ಕಲ್ಲ. "ನನ್ನ ಮಗನ್ನ ಯಾರನ್ನ ಕೇಳಿ ಕರ್ಕೊಂಡು ಹೋದ್ರಿ" ಅಂತ ಎಲ್ಲರ ಮುಂದೆ ಕೂಗಾಡಿದ. ಮೇಲಿನವರು ನನ್ನಿಂದಲೇ ವಿವರಣೆ ಬರೆಸಿಕೊಂಡರು. ಅವತ್ತಿಂದ ನಾನೂ ಎಲ್ಲದಕ್ಕೂ ಸಹಿ ತಗೊಳ್ಳುತ್ತೇನೆ.

ಕಾನೂನು ಇಲ್ಲ ಅಂದುಕೊಳ್ಳಬೇಡಿ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಮಗುವನ್ನು ಬೇಕೆಂದೇ ಕಡೆಗಣಿಸಿ ನೋವು ಕೊಟ್ಟರೆ ಮೂರು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಇಲ್ಲವೇ ಎರಡೂ.

ಪಾವಗಡದ ಸೊಸೆ:
ಬೇಕೆಂದೇ ಅನ್ನುವ ಮಾತನ್ನು ಇನ್ನೊಂದು ಸಲ ಓದಿ ಮೇಷ್ಟ್ರೇ. ಕೂಲಿ ಬಿಟ್ಟು ಆಸ್ಪತ್ರೆಗೆ ಹೋದರೆ ಅವತ್ತಿನ ಊಟ ಇಲ್ಲ ಅನ್ನುವವಳು ಬೇಕೆಂದೇ ಬಿಟ್ಟಳಾ? ನಿಮ್ಮ ಮಂಡಿ ವ್ಯಾಪಾರಿಯ ಸಿಟ್ಟನ್ನು ಚಿಂತಾಮಣಿ ಅಕ್ಕನ ಮೇಲೆ ತೀರಿಸಿಕೊಳ್ಳಬೇಡಿ. ನಮ್ಮ ಸರ್ಕಾರ ದಂತ ಭಾಗ್ಯ ಅಂತ ಬಡ ಮುದುಕರಿಗೆ ಹಲ್ಲುಸೆಟ್ ಪುಕ್ಕಟೆ ಮಾಡಿಕೊಟ್ಟಿತು, ಒಳ್ಳೆಯದೇ. ಹಲ್ಲು ಇರುವಾಗ ಉಳಿಸುವುದಕ್ಕೆ ಚೀಟಿ, ಎಲ್ಲಾ ಹೋದಮೇಲೆ ಭಾಗ್ಯ.

ಮಾವಿನ ತೋಪು, ಶ್ರೀನಿವಾಸಪುರ:
ಅಕ್ಕ ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಹದಿನೆಂಟರ ಒಳಗಿನ ಮಕ್ಕಳ ಹಲ್ಲಿಗೆ ಸರ್ಕಾರಿ ಡಾಕ್ಟರ ಹತ್ತಿರ ದುಡ್ಡಿಲ್ಲ. ಹೇಳಿ ಹೇಳಿ ಕರೆದುಕೊಂಡು ಬರದಿದ್ದರೆ ಅದನ್ನು ಹಲ್ಲಿನ ನಿರ್ಲಕ್ಷ್ಯ ಅಂತ ಲೆಕ್ಕ ಹಾಕಿ ಮಕ್ಕಳ ಇಲಾಖೆಗೆ ಬರೆಯುವುದೂ ಉಂಟು. ಕೇಳಿದರೆ ಭಾರೀ ಶಿಸ್ತು ಅನ್ನಿಸುತ್ತೆ ಅಲ್ವಾ? ಅಕ್ಕನಿಗೆ ಊರು ಬದಲಾಯಿಸಿದ ಮೇಲೆ ಹೊಸ ಪೇಷಂಟ್ ತಗೊಳ್ಳುವ ಡಾಕ್ಟರೇ ಸಿಗಲಿಲ್ಲ. ಹದಿನಾಲ್ಕು ತಿಂಗಳು. ಕೊನೆಗೆ ರಜಕ್ಕೆ ಇಲ್ಲಿಗೆ ಬಂದಾಗ ಕೋಲಾರದಲ್ಲಿ ಇಬ್ಬರು ಮಕ್ಕಳಿಗೂ ಫಿಲ್ಲಿಂಗ್ ಮಾಡಿಸಿಕೊಂಡು ಹೋದಳು. ಅಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳು ಆಸ್ಪತ್ರೆಗೆ ಅಡ್ಮಿಟ್ ಆಗುವುದೇ ಎಲ್ಲಕ್ಕಿಂತ ಜಾಸ್ತಿ ಹಲ್ಲು ಹುಳುಕಿಗಂತೆ. ಸ್ಕಾಟ್ಲೆಂಡಿನವರು ಬೇರೆ ದಾರಿ ಹಿಡಿದರು, ಅವರ ಅಂಗನವಾಡಿಯಂಥ ಕಡೆ ದಿನಾ ಮಕ್ಕಳನ್ನು ಕೂರಿಸಿ ಬ್ರಶ್ ಮಾಡಿಸುತ್ತಾರೆ. ಮೇಷ್ಟ್ರು ಸಹಿ ತಗೊಳ್ಳುವ ಬದಲು ಅದನ್ನು ಶುರು ಮಾಡಬಹುದು.

ಮೇಷ್ಟ್ರು, ಕೋಲಾರ:
ಮೊಟ್ಟೆ ನಾವೇ ಸುಲಿಯಬೇಕು, ಹಾಲು, ರಾಗಿ ಮಾಲ್ಟು ನಾವೇ ಕೊಡಬೇಕು, ಗಣತಿ ನಾವೇ ಮಾಡಬೇಕು, ಈಗ ಹಲ್ಲೂ ನಾವೇ ಉಜ್ಜಬೇಕು. ಸರಿ ಸ್ವಾಮಿ. ಪಾಠ ಯಾವಾಗ ಮಾಡೋಣ?

ಗುಬ್ಬಿಯವಳು:
ನಾನು ಕರಿ ಔಷಧಿ ಹಚ್ಚಿಸಿದೆ. ಸಿಲ್ವರ್ ಡಯಮೀನ್ ಫ್ಲೋರೈಡ್ ಅಂತ ಹೆಸರು. ಕೊರೆಯುವುದಿಲ್ಲ, ಸೂಜಿಯಿಲ್ಲ. ಸಣ್ಣ ಬ್ರಶ್ಶಿನಲ್ಲಿ ಹುಳುಕಿನ ಮೇಲೆ ಒಂದು ನಿಮಿಷ ತಿಕ್ಕಿದರು. ಹಲ್ಲಿಗೆ 300, ಐದು ಹಲ್ಲು, 1,500. ಆರು ತಿಂಗಳಿಗೆ ಇನ್ನೊಂದು ಸಲ. ಹುಳುಕು ಅಲ್ಲಿಗೇ ನಿಂತಿತು. ಆದರೆ ಆ ಜಾಗ ಇದ್ದಲ ಹಾಗೆ ಕಪ್ಪಾಗುತ್ತೆ. ನನಗೆ ಮೊದಲೇ ಹೇಳಿದ್ದರು, ನಾನು ಮನೆಯಲ್ಲಿ ಹೇಳಿರಲಿಲ್ಲ, ಅದೇ ತಪ್ಪು. ಅತ್ತೆ ನಾಮಕರಣಕ್ಕೆ ಬಂದವರ ಮುಂದೆಲ್ಲಾ ಮಗುವಿನ ತುಟಿ ಎತ್ತಿ ತೋರಿಸಿ "ನೋಡಿ, ದುಡ್ಡು ಕೊಟ್ಟು ಹಲ್ಲು ಕಪ್ಪು ಮಾಡಿಸಿಕೊಂಡು ಬಂದಿದ್ದಾಳೆ" ಅಂದರು. ಎರಡು ವರ್ಷ ಕೇಳಿದ್ದೇನೆ ಆ ಮಾತು. 34,000 ಖರ್ಚು ಮಾಡಿದವರಿಗೆ ಈ ಔಷಧಿ ಯಾರೂ ಹೇಳಲಿಲ್ಲವಾ?

ಗೂಡು ಮಾರ್ಕೆಟ್, ಶಿಡ್ಲಘಟ್ಟ:
ನನ್ನ ಮಗನಿಗೆ ನರದ ತನಕ ಇಳಿದಿತ್ತು ಮೇಡಂ. ಅದಕ್ಕೆ ನಿಮ್ಮ ಮಸಿ ನಡೆಯಲ್ಲ. ನಿಮ್ಮದು ಚೀಪಾಗಿ ಮುಗಿಯಿತು ಅಂತ ನಾನು ಪೆದ್ದ ಅಲ್ಲ.

ಗುಬ್ಬಿಯವಳು:
ಪೆದ್ದ ಅಂತ ನಾನೆಲ್ಲಿ ಅಂದೆ?

ಬಿಡಿಎಸ್ ಮೂರನೇ ವರ್ಷ:
ನಾನು ಹಲ್ಲಿನ ಡಾಕ್ಟರ್ ಓದುತ್ತಿದ್ದೇನೆ. ಶಿಡ್ಲಘಟ್ಟದವರು ಹೇಳಿದ್ದು ಸರಿ. ನೋವು ಶುರುವಾಗಿ ನರ ಮುಟ್ಟಿದ ಹಲ್ಲಿಗೆ ಎಸ್‌ಡಿಎಫ್, ಅಂದರೆ ಆ ಕರಿ ಔಷಧಿ, ಆಗಲ್ಲ, ಅದಕ್ಕಿಂತ ಮೊದಲಿನ ಹಂತಕ್ಕೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಇನ್ನೊಂದು, ಪೇಸ್ಟು ಮೂರು ವರ್ಷದ ಒಳಗೆ ಅಕ್ಕಿ ಕಾಳಿನಷ್ಟು, ಆಮೇಲೆ ಆರರ ತನಕ ಬಟಾಣಿಯಷ್ಟು ಸಾಕು, ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ ತುಂಬಾ ಬೇಡ.

ಪಾವಗಡದ ಸೊಸೆ:
ನೀರಿನಲ್ಲೇ ಇಷ್ಟು ಫ್ಲೋರೈಡ್ ಇರುವಾಗ ಪೇಸ್ಟಿನಲ್ಲೂ ತಿನ್ನಿಸಬೇಕಾ ತಮ್ಮಾ? ಯಾವ ಊರು ನಿಂದು?

ಬಿಡಿಎಸ್ ಮೂರನೇ ವರ್ಷ:
ಮಂಗಳೂರು. ತಿನ್ನುವುದಲ್ಲ ಅಕ್ಕ, ಉಗುಳುವುದು...

ಪಾವಗಡದ ಸೊಸೆ:
ಅದೇ ಅಂದುಕೊಂಡೆ. ಮಳೆ ನೀರು ಕುಡಿದವರು.

ಗಡಿ ಊರಿನ ಅಪ್ಪ, ಬಾಗೇಪಲ್ಲಿ ಕಡೆ:
ಎಲ್ಲರೂ ಮಾಡಿಸಿದ್ದನ್ನು ಹೇಳುತ್ತಿದ್ದೀರಿ. ನಾನು ಮಾಡಿಸದೇ ಇದ್ದವನು. ಮಗನಿಗೆ ಆಗ ಏಳು ವರ್ಷ, ಕೆಳಗಿನ ದವಡೆಯ ಕೊನೆಯ ಹಲ್ಲು ಹುಳುಕು. ಅಂಗನವಾಡಿ ಟೀಚರ್ ಹೇಳಿದರು, ಆಶಾ ಕಾರ್ಯಕರ್ತೆ ಹೇಳಿದರು. ನಮ್ಮಮ್ಮ ಚಿಂತಾಮಣಿ ಅತ್ತೆಯ ಮಾತನ್ನೇ ಹೇಳಿದಳು. ನಾನೂ ನಂಬಿದೆ. ನೋವು ತಡೆಯಲಾಗದೆ ಕೊನೆಗೆ ಒಂದು ಕಡೆ ಪುಕ್ಕಟೆ ಕೀಳಿಸಿಕೊಂಡು ಬಂದೆ. ಹತ್ತು ನಿಮಿಷದ ಕೆಲಸ. ವಾಪಸ್ ಬರುವಾಗ ಐಸ್‌ಕ್ರೀಮ್ ಕೊಡಿಸಿದೆ, ಖುಷಿಯಾಗಿದ್ದ.

ಅದು ಹಾಲುಹಲ್ಲೇ ಅಲ್ಲ. ಆರು ವರ್ಷದ ಸುಮಾರಿಗೆ ಎಲ್ಲಾ ಹಾಲುಹಲ್ಲಿನ ಹಿಂದೆ ಒಂದು ಹೊಸ ದವಡೆ ಹಲ್ಲು ಬರುತ್ತೆ. ಅದಕ್ಕೆ ಜಾಗ ಮಾಡಿಕೊಡಲು ಯಾವ ಹಲ್ಲೂ ಬೀಳಲ್ಲ, ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಬಂದರೆ ಸಾಯುವ ತನಕ ಅದೇ. ನಾನು ಅದನ್ನು ಕೀಳಿಸಿದೆ. ಈಗ ಅವನಿಗೆ ಹದಿಮೂರು. ಹಿಂದಿನ ಹಲ್ಲು ಆ ಸಂದಿಗೆ ವಾಲಿದೆ, ಮೇಲಿನದು ಕೆಳಗೆ ಇಳಿದಿದೆ. ಕಂಬಿ ಹಾಕಿಸುವುದಕ್ಕೆ 38,000 ಕೇಳುತ್ತಿದ್ದಾರೆ, ಎರಡು ವರ್ಷ ತಿಂಗಳು ತಿಂಗಳು ಹೋಗಬೇಕು.

ಅಕ್ಕ, ಮಗಳ ಬಾಯಲ್ಲಿ ಮುಂದೆ ಮಧ್ಯದಿಂದ ಹಿಂದಕ್ಕೆ ಎಣಿಸಿ. ಒಂದು ಕಡೆಗೆ ಐದು ಹಾಲುಹಲ್ಲು. ಆರನೆಯದು ಇದ್ದರೆ ಅದು ಬೀಳುವ ಹಲ್ಲಲ್ಲ. ಬಿದ್ದು ಹೋಗಿರುವ ಹಲ್ಲಿನ ಜಾಗವನ್ನೂ ಸೇರಿಸಿ ಎಣಿಸಿ. ಹಾಲುಹಲ್ಲಿನಲ್ಲೂ ಹಿಂದಿನವು ಹತ್ತು ಹನ್ನೆರಡು ವರ್ಷದ ತನಕ ಇರಬೇಕಾದವು, ಇನ್ನೂ ನಾಲ್ಕೈದು ವರ್ಷ ಅದರಲ್ಲೇ ತಿನ್ನಬೇಕು.

ಮೇಷ್ಟ್ರು, ಕೋಲಾರ:
ನೋಡಿ, ಅವತ್ತು ಯಾರಾದರೂ ನಿಮ್ಮ ಹತ್ತಿರ ಸಹಿ ತಗೊಂಡಿದ್ದರೆ...

ಗಡಿ ಊರಿನ ಅಪ್ಪ, ಬಾಗೇಪಲ್ಲಿ ಕಡೆ:
ಸಹಿ ತಗೊಂಡಿದ್ದರೂ ಕೀಳಿಸುತ್ತಿದ್ದೆ ಸಾರ್. ಕೀಳಿಸಿದ್ದಕ್ಕೇ ತೋರಿಸಿದ್ದೇನೆ ಅಂತ ಚೀಟಿ ಸಿಗುತ್ತಿತ್ತು. ಕಿತ್ತ ಕಡೆಯೂ ಯಾರೂ ಇದು ಕಾಯಂ ಹಲ್ಲು ಅನ್ನಲಿಲ್ಲ.

ಮಾವಿನ ತೋಪು, ಶ್ರೀನಿವಾಸಪುರ:
ನೀರಿನ ಮಾತು ಬಂತಲ್ಲ, ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದಮೇಲೆ ನಮ್ಮ ತೋಟದ ಬೋರಿನ ನೀರು ಮೇಲೆ ಬಂದಿದೆ. ಆಳ ಕಡಿಮೆಯಾದರೆ ಫ್ಲೋರೈಡೂ ಕಡಿಮೆಯಾಗುತ್ತೆ ಅಲ್ವಾ?

ಮೇಷ್ಟ್ರು, ಕೋಲಾರ:
ಬೆಂಗಳೂರಿನ ಕೊಳಚೆಯನ್ನು ಎರಡು ಸಲ ಸೋಸಿ ಬಿಟ್ಟಿದ್ದಾರೆ, ಮೂರನೇ ಸಲ ಸೋಸಿ ಅಂತ 2018ರಿಂದ ನಮ್ಮ ಜನ ಕೂಗುತ್ತಿದ್ದಾರೆ. ನೀವು ಅದನ್ನು ಹೊಗಳುತ್ತಿದ್ದೀರಿ.

ಮಾವಿನ ತೋಪು, ಶ್ರೀನಿವಾಸಪುರ:
ತೋಟ ಒಣಗಿದಾಗ ಬಂದು ನೋಡಿದ್ದರೆ ಹೀಗೆ ಮಾತಾಡುತ್ತಿರಲಿಲ್ಲ. ಸಂಬಳದವರಿಗೆ ಏನು ಗೊತ್ತು.

ಚಿಂತಾಮಣಿ ಅಮ್ಮ:
ಜಗಳ ಆಡಬೇಡಿ ದಯವಿಟ್ಟು. ಬಾಗೇಪಲ್ಲಿ ಅಣ್ಣ ಹೇಳಿದ ಹಾಗೆ ಈಗ ಕಿಟಕಿ ಹತ್ತಿರ ಕೂರಿಸಿ ಚಮಚದಲ್ಲಿ ಕೆನ್ನೆ ಸರಿಸಿ ಎಣಿಸಿದೆ. ಕೆಳಗೆ ಬಲಗಡೆ ಆರನೆಯದು ಇದೆ. ಪೂರ್ತಿ ಬಂದಿಲ್ಲ, ಹಿಂದಿನ ಅರ್ಧ ಇನ್ನೂ ವಸಡಿನ ಒಳಗಿದೆ. ನಡುವೆ ಗೆರೆಯ ಹಾಗೆ ಕಪ್ಪಿದೆ, ಅದು ಹುಳುಕಾ ಕೊಳೆಯಾ ಗೊತ್ತಾಗಲಿಲ್ಲ. ಚೀಟಿಯಲ್ಲಿ ಬರೆದಿರುವ ನಾಲ್ಕರಲ್ಲಿ ಇದೂ ಸೇರಿದೆಯಾ ಅಂತಲೂ ಗೊತ್ತಿಲ್ಲ, ಬರೀ "4 ಹಲ್ಲು" ಅಂತಿದೆ. ಅತ್ತೆಗೂ ತೋರಿಸಿದೆ. ಅವರೂ ಎರಡು ಸಲ ಎಣಿಸಿದರು, ಏನೂ ಮಾತಾಡಲಿಲ್ಲ. ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತೇವೆ. ಸಹಿ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ಮೇಷ್ಟ್ರು, ಕೋಲಾರ:
ಹಾಕಿ ಅಮ್ಮ, ಪಕ್ಕದಲ್ಲಿ ತಾರೀಕು ಬರೆಯಿರಿ. ಜೈಲಿಗೆ ಯಾರೂ ಕಳಿಸಲ್ಲ, ನಮ್ಮ ತಲೆ ಉಳಿಸಿಕೊಳ್ಳುವುದಕ್ಕೆ ತಗೊಳ್ಳುವ ಕಾಗದ ಅದು.

ಪಾವಗಡದ ಸೊಸೆ:
ಹಾಕಿ. ಕೆಳಗೆ "ಶಾಲೆಯ ಟ್ಯಾಂಕಿನ ನೀರಿನ ಟೆಸ್ಟ್ ರಿಪೋರ್ಟ್ ಕೊಡಿ" ಅಂತ ನೀವೂ ಒಂದು ಸಾಲು ಬರೆದು ಅವರ ಸಹಿ ತಗೊಳ್ಳಿ.

ಗೂಡು ಮಾರ್ಕೆಟ್, ಶಿಡ್ಲಘಟ್ಟ:
ಚಿಕ್ಕಬಳ್ಳಾಪುರದಲ್ಲಿ ಸ್ಟೀಲ್ ಕ್ಯಾಪಿಗೆ ಎಷ್ಟು ಹೇಳಿದರು ಅಂತ ಬಂದು ಬರೆಯಿರಿ. 2,000ಕ್ಕಿಂತ ಕಡಿಮೆ ಇದ್ದರೆ ಬರೆಯಬೇಡಿ.

ಗುಬ್ಬಿಯವಳು:
ಪಾವಗಡದ ಅಕ್ಕ, ನಿಮ್ಮೂರ ಶುದ್ಧ ನೀರಿನ ಘಟಕದ ಮೆಷಿನ್ನು ಹೊಸ ಐದು ರೂಪಾಯಿ ಕಾಯಿನ್ ತಗೊಳ್ಳುತ್ತಾ? ನಮ್ಮದು ಬರೀ ಹಳೇದನ್ನೇ ನುಂಗುತ್ತೆ.