ಅಪ್‌ಡೇಟ್: 13 ಅಡಿಯ ಕಯಾಕನ್ನೇ ತಗೊಂಡೆ

ಉಡುಪಿ ಹತ್ತಿರದ ಕೋಡಿ ಬೆಂಗ್ರೆ ಅಳಿವೆಯಲ್ಲಿ (ನದಿ ಸಮುದ್ರ ಸೇರುವ ಜಾಗ) ಗಾಳ ಹಾಕೋಕೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗೆ ಸುತ್ತೋಕೆ 10 ಅಡಿಯ ಕಯಾಕ್ (ಹುಟ್ಟು ಹಾಕಿ ಓಡಿಸುವ ಸಣ್ಣ ದೋಣಿ) ಸಾಕಾ, 13 ಅಡಿಯದ್ದು ಬೇಕಾ ಅಂತ ಕೇಳಿದ್ದೆ ಅಲ್ವಾ? ಎರಡನ್ನೂ ಸೀತಾನದಿಯಲ್ಲಿ ಓಡಿಸಿ ನೋಡಿದೆ. ಅಗಲವಾದ ಗಿಡ್ಡ ಕಯಾಕ್ ಅಲುಗಾಡುವುದಿಲ್ಲ, ನಿಜ. ಆದರೆ ಇಳಿತದ ನೀರಿಗೆ ಎದುರಾಗಿ ಹುಟ್ಟು ಹಾಕಿದರೆ ಮುಂದಕ್ಕೇ ಹೋಗಲ್ಲ. ಉದ್ದದ್ದು ಅದೇ ನೀರನ್ನು ಸೀಳಿಕೊಂಡು ಹೋಯಿತು.

ಹಾಗಾಗಿ 13 ಅಡಿ ಉದ್ದ, 30 ಇಂಚು ಅಗಲದ್ದು ತಗೊಂಡೆ. ಮೇಲೆ ಕೂರುವಂಥದ್ದು. ತಳದಲ್ಲಿ ತೂತುಗಳಿವೆ, ಒಳಗೆ ಬಿದ್ದ ನೀರು ತಾನೇ ಇಳಿದು ಹೋಗುತ್ತದೆ. ಚುಕ್ಕಾಣಿ ಇರಲಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಅಡ್ಡಗಾಳಿಗೆ ಮೂತಿ ತಿರುಗುವುದು ನಿಂತಿದೆ.

ಮೊನ್ನೆ ಎರಡು ಕಾಣೆ ಮೀನು ಸಿಕ್ಕವು. ಮಳೆಗಾಲ ಮುಗಿಯುವ ತನಕ ಅಳಿವೆ ದಾಟಲ್ಲ. ಲೈಫ್ ಜಾಕೆಟ್ ಮಾತ್ರ ಬಿಚ್ಚುವುದೇ ಇಲ್ಲ.