ಹೆದ್ದಾರಿಯಲ್ಲಿ ಆರನೇ ಗೇರಿಗೆ ಹಾಕಿ ಬಿಟ್ಟರೆ ಇಂಜಿನ್‌ಗೆ ಪೆಟ್ಟು ಬೀಳುತ್ತದೆಯೇ?

ಪ್ರಶ್ನೆ (ಮ್ಯೂನಿಕ್‌ನಿಂದ): ಸರ್, ನಮಸ್ಕಾರ. ಎರಡು ತಿಂಗಳ ಹಿಂದೆ 2019ರ ಮಜ್ದಾ ಎಂಎಕ್ಸ್-5 ಕೊಂಡೆ. ಎರಡು ಲೀಟರ್ ಪೆಟ್ರೋಲ್ ಇಂಜಿನ್, 184 ಅಶ್ವಶಕ್ತಿ, ಆರು ಗೇರಿನ ಮ್ಯಾನುಯಲ್, 17 ಇಂಚಿನ ಚಕ್ರ. ವಾರಕ್ಕೊಮ್ಮೆ ಎ8 ಹೆದ್ದಾರಿಯಲ್ಲಿ ಸ್ಟುಟ್‌ಗಾರ್ಟ್‌ಗೆ ಹೋಗಿ ಬರುತ್ತೇನೆ. ನಾನು ಕಲಿತದ್ದು ಊರಿನಲ್ಲಿ ಅಪ್ಪನ ಅಂಬಾಸಡರ್‌ನಲ್ಲಿ. “ಟಾಪ್ ಗೇರಿಗೆ ಹಾಕಿ ಬಿಡು, ಪೆಟ್ರೋಲ್ ಉಳಿಯುತ್ತದೆ” ಎಂಬುದು ಅವರ ಪಾಠ. ಇಲ್ಲಿನ ಸಹೋದ್ಯೋಗಿಯೊಬ್ಬರು ಹೇಳುವುದು ತದ್ವಿರುದ್ಧ: ಸ್ಪೋರ್ಟ್ಸ್ ಕಾರಿನ ಇಂಜಿನ್ ಹೆಚ್ಚು ಸುತ್ತಿನಲ್ಲೇ ಓಡಬೇಕಂತೆ, ಆರನೇ ಗೇರಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಒಳಗೆ ಮಸಿ ಕಟ್ಟುತ್ತದಂತೆ, ಐದರಲ್ಲೇ ಇರಬೇಕಂತೆ. ಯಾರ ಮಾತು ಕೇಳಲಿ?

ಉತ್ತರ: ಅಪ್ಪನ ಮಾತು ಕೇಳಿ. ಆದರೆ ಅದಕ್ಕೆ ಅವರು ಸೇರಿಸದೆ ಬಿಟ್ಟ ಒಂದು ಷರತ್ತಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. ನಿಮ್ಮ ಗಾಡಿಯ ಆರನೇ ಗೇರಿನ ಅನುಪಾತ (ಗೇರ್‌ಬಾಕ್ಸ್‌ನಿಂದ ಹೊರಹೋಗುವ ಶಾಫ್ಟಿನ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತು ಎಂಬುದು) 1.000, ಆ ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನದು 2.866. ಟೈರ್ 205/45 ಆರ್17 ಆಗಿದ್ದರೆ 100 ಕಿ.ಮೀ. ವೇಗದಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 2,450 ಸುತ್ತು ತಿರುಗುತ್ತದೆ, 130ರಲ್ಲಿ ಸುಮಾರು 3,200. ಇಂಜಿನ್ ದಾಟಬಾರದ ಕೆಂಪು ಗೆರೆ ಇರುವುದು 7,500ರಲ್ಲಿ. ಅಂದರೆ ಜರ್ಮನಿಯ ಆಟೋಬಾನ್‌ನಲ್ಲಿ ಸಲಹೆಯಾಗಿ ಹೇಳುವ 130ರಲ್ಲೂ ಇಂಜಿನ್ ತನ್ನ ಅರ್ಧ ಮಟ್ಟವನ್ನೇ ಮುಟ್ಟಿರುವುದಿಲ್ಲ, ಹಾಗೆಂದು ತೂಕಡಿಸುತ್ತಲೂ ಇರುವುದಿಲ್ಲ. ಐದಕ್ಕೆ ಇಳಿಸಿದರೆ ಅದೇ ವೇಗಕ್ಕೆ 4,100 ಸುತ್ತು. ಆ ಒಂಬೈನೂರು ಹೆಚ್ಚುವರಿ ಸುತ್ತಿನಿಂದ ಸಿಗುವುದು ಸದ್ದು ಮತ್ತು ಪೆಟ್ರೋಲ್ ಬಿಲ್ಲು, ಅಷ್ಟೆ.

ಇನ್ನೊಂದು ಸ್ವಾರಸ್ಯ. ಬಹಳಷ್ಟು ಕಾರುಗಳಲ್ಲಿ ಕೊನೆಯ ಗೇರು ಓವರ್‌ಡ್ರೈವ್, ಅದರ ಅನುಪಾತ ಒಂದಕ್ಕಿಂತ ಕಡಿಮೆ. ನಿಮ್ಮದರಲ್ಲಿ ಹಾಗಲ್ಲ. ಆರನೇ ಗೇರಿನಲ್ಲಿ ಒಳಬರುವ ಶಾಫ್ಟೂ ಹೊರಹೋಗುವ ಶಾಫ್ಟೂ ನೇರವಾಗಿ ಕಚ್ಚಿಕೊಂಡು ಒಂದೇ ಸರಳಿನಂತೆ ತಿರುಗುತ್ತವೆ. ಪಕ್ಕದ ಶಾಫ್ಟಿನ ಹಲ್ಲುಗಳು ಸುಮ್ಮನೆ ಸುತ್ತುತ್ತವೆಯೇ ಹೊರತು ಭಾರ ಹೊರುವುದಿಲ್ಲ, ಆದ್ದರಿಂದ ಗೇರ್‌ಬಾಕ್ಸ್‌ನಲ್ಲಿ ಶಕ್ತಿ ಪೋಲಾಗುವುದು ಈ ಗೇರಿನಲ್ಲೇ ಅತಿ ಕಡಿಮೆ. ನಿಮ್ಮ ಅಪ್ಪನ ಅಂಬಾಸಡರ್‌ನ ನಾಲ್ಕನೇ ಗೇರೂ ಹೀಗೆಯೇ ನೇರ ಗೇರು! ಅವರ ಪಾಠ ನಿಮ್ಮ ಕಾರಿಗೆ ಇಷ್ಟು ಸರಿಯಾಗಿ ಹೊಂದಿಕೊಂಡದ್ದು ನನಗಂತೂ ಖುಷಿಯ ವಿಷಯ.

ಮಸಿಯ ಮಾತಿಗೆ ಬಂದರೆ, ಇಂಜಿನ್ ಕಾಯುವ ಮೊದಲೇ ನಿಲ್ಲಿಸಿಬಿಡುವ ಎರಡು ಮೂರು ಕಿಲೋಮೀಟರಿನ ಓಡಾಟಗಳೇ ಇಂಜಿನ್‌ಗೆ ಕೆಟ್ಟವು. ಎರಡು ಗಂಟೆ ಒಂದೇ ಸಮ ಹೆದ್ದಾರಿಯಲ್ಲಿ ಓಡುವುದು ಅದಕ್ಕೆ ಹಿತವೇ.

ಈಗ ಷರತ್ತು. ಇಂಜಿನ್‌ಗೆ ಪೆಟ್ಟು ಕೊಡುವುದು ಗೇರಿನ ಸಂಖ್ಯೆಯೂ ಅಲ್ಲ, ಬರೀ ಕಡಿಮೆ ಸುತ್ತೂ ಅಲ್ಲ. ಕಡಿಮೆ ಸುತ್ತಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಸಮತಟ್ಟಾದ ರಸ್ತೆಯಲ್ಲಿ ಪಾದ ಸುಮ್ಮನೆ ಊರಿಕೊಂಡು 2,000 ಸುತ್ತಿನಲ್ಲಿ ಹೋದರೆ ಏನೂ ಆಗದು. ಅದೇ 1,500ರಲ್ಲಿ ಏರು ಎದುರಾಗಿ ನೀವು ಪೆಡಲ್ ತಳ ಮುಟ್ಟಿಸಿದರೆ ಗಾಡಿ ಗುಂಯ್ ಎಂದು ನಡುಗುತ್ತದೆ, ಬೇರಿಂಗ್‌ಗಳ ಮೇಲೆ ವಿಪರೀತ ಒತ್ತಡ ಬೀಳುತ್ತದೆ. ನಿಮ್ಮ ದಾರಿಯಲ್ಲಿ ಮ್ಯೂಲ್‌ಹೌಸೆನ್ ಬಳಿ ಶ್ವಾಬಿಯನ್ ಆಲ್ಬ್ ಬೆಟ್ಟದ ಏರು ಬರುತ್ತದಲ್ಲ, ಅಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮುಂಚಿತವಾಗಿ ನಾಲ್ಕಕ್ಕೆ ಬನ್ನಿ. ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಹಾಕಿದ್ದರೆ ಇನ್ನೂ ಎಚ್ಚರ. ಮ್ಯಾನುಯಲ್ ಗಾಡಿಯಲ್ಲಿ ಅದು ಗೇರ್ ಬದಲಿಸಲಾರದು, ಪೆಟ್ರೋಲನ್ನಷ್ಟೇ ಸುರಿಯುತ್ತದೆ.

ಪ್ರಶ್ನೆ (ಮ್ಯೂನಿಕ್‌ನಿಂದ): ಧನ್ಯವಾದ ಸರ್. ಅಪ್ಪನಿಗೆ ಓದಿ ಹೇಳಿದೆ, ಫೋನಿನಲ್ಲೇ ಬೀಗಿದರು. ಇನ್ನೊಂದು ಸಂದೇಹ: 100ರಲ್ಲಿ ಹೋಗುತ್ತಾ ಓವರ್‌ಟೇಕ್ ಮಾಡುವಾಗ ಆರರಿಂದ ಐದಕ್ಕೆ ಬಂದರೂ ಪಿಕಪ್ ಸಾಲದು ಅನ್ನಿಸುತ್ತದೆ. ನೇರವಾಗಿ ನಾಲ್ಕಕ್ಕೆ ಹಾಕಬಹುದೇ?

ಉತ್ತರ: ಹಾಕಬಹುದಷ್ಟೇ ಅಲ್ಲ, ಹಾಕಬೇಕು. 100ರಲ್ಲಿ ನಾಲ್ಕನೇ ಗೇರೆಂದರೆ ಸುಮಾರು 3,900 ಸುತ್ತು. ನಿಮ್ಮ ಇಂಜಿನ್ ತನ್ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 205 ನ್ಯೂಟನ್ ಮೀಟರ್ ಕೊಡುವುದು 4,000ದಲ್ಲಿ. ಟರ್ಬೊ ಇಲ್ಲದ ಇಂಜಿನ್ ಇದು, ಕೆಳಗಿನ ಸುತ್ತಿನಲ್ಲಿ ಎಷ್ಟು ಒತ್ತಿದರೂ ಎಳೆಯುವುದಿಲ್ಲ.

ಆದರೆ ಇಲ್ಲೊಂದು ಗಂಡಾಂತರವಿದೆ, ಇದನ್ನು ಎರಡು ಸಲ ಓದಿ. ಎರಡು, ನಾಲ್ಕು, ಆರು ಈ ಮೂರು ಗೇರುಗಳೂ ನಿಮ್ಮ ಗೇರ್ ಲಿವರ್‌ನ ಕೆಳಸಾಲಿನಲ್ಲಿ ಅಕ್ಕಪಕ್ಕ ಇವೆ. ಆರರಿಂದ ಅವಸರದಲ್ಲಿ ಲಿವರನ್ನು ಎಡಕ್ಕೆ ಜಗ್ಗಿದರೆ ನಾಲ್ಕನ್ನು ದಾಟಿ ಎರಡಕ್ಕೆ ಹೋಗಿ ಕೂರಬಹುದು. 130ರಲ್ಲಿ ಎರಡನೇ ಗೇರು ಕಚ್ಚಿತೆಂದರೆ ಇಂಜಿನ್ 9,500 ಸುತ್ತು ದಾಟಬೇಕಾಗುತ್ತದೆ. ಸುತ್ತನ್ನು ಮಿತಿಯಲ್ಲಿಡುವ ಲಿಮಿಟರ್ ಇದೆಯಲ್ಲ ಎನ್ನಬೇಡಿ. ಅದು ಇಂಧನವನ್ನು ತಡೆಯಬಲ್ಲದು, ಚಕ್ರಗಳೇ ಇಂಜಿನ್ನನ್ನು ತಿರುಗಿಸುವಾಗ ಅದು ಏನು ಮಾಡೀತು? ವಾಲ್ವು ಪಿಸ್ಟನ್‌ಗೆ ಬಡಿಯುತ್ತದೆ. ಹೀಗೆ ಒಂದೇ ಕ್ಷಣದಲ್ಲಿ ಹೋದ ಇಂಜಿನ್ನನ್ನು ನನ್ನ ಕೈಯಾರೆ ಬಿಚ್ಚಿದ್ದೇನೆ. ಮಾಲೀಕರು ಪಕ್ಕದಲ್ಲಿ ನಿಂತು “ಗೇರ್ ತಾನಾಗಿ ಬಿತ್ತು” ಎನ್ನುತ್ತಿದ್ದರು. ನಾನೂ ಹೌದೆಂದೆ, ಇನ್ನೇನು ಹೇಳಲಿ.

ಉಪಾಯ ಸರಳ. ಲಿವರನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಆರರಿಂದ ನ್ಯೂಟ್ರಲ್‌ಗೆ ತಂದು ಒಂದು ಕ್ಷಣ ಬಿಡಿ, ಒಳಗಿನ ಸ್ಪ್ರಿಂಗ್ ಅದನ್ನು ತಾನಾಗಿ ಮೂರು-ನಾಲ್ಕರ ನಡುಸಾಲಿಗೆ ತರುತ್ತದೆ. ಆಮೇಲೆ ಅಂಗೈಯಿಂದ ನೇರ ಹಿಂದಕ್ಕೆ ಎಳೆಯಿರಿ. ಕ್ಲಚ್ ಬಿಡುವ ಮುನ್ನ ಆಕ್ಸಿಲರೇಟರ್ ತುಸು ಒತ್ತಿ ಸುತ್ತು ಏರಿಸಿದರೆ ಜರ್ಕ್ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಲಿವರ್ ಮೇಲೆ ಕೈ ಇಟ್ಟುಕೊಂಡು ಹೋಗುವ ಚಾಳಿ ಬೇಡ, ಒಳಗೆ ಗೇರು ಸರಿಸುವ ಫೋರ್ಕ್ ಸವೆಯುತ್ತದೆ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಇದೇ ಕಾರಿನ ಮೊದಲ ತಲೆಮಾರು, 1990ರ 1.6 ಲೀಟರ್, ಐದು ಗೇರು. ಗಂಟೆಗೆ 70 ಮೈಲಿಯಲ್ಲಿ ಐದನೇ ಗೇರಿನಲ್ಲೂ 3,600 ಸುತ್ತು. ಕಿವಿ ಕಿತ್ತುಹೋಗುತ್ತದೆ. 4.1ರ ಡಿಫರೆನ್ಷಿಯಲ್ ಹಾಕಿಸಲೇ?

ಉತ್ತರ: ಬೇಡ. ನಿಮ್ಮ ಈಗಿನ 4.3 ಅನುಪಾತದ್ದು ಹೋಗಿ 4.1ರದು ಬಂದರೆ 3,600 ಇಳಿದು 3,450ರ ಆಸುಪಾಸಿಗೆ ಬರುತ್ತದೆ. ಅಷ್ಟಕ್ಕೆ ಆ ಖರ್ಚೇ? ಆ ಇಂಜಿನ್ ಏಳು ಸಾವಿರದವರೆಗೂ ತಿರುಗಲೆಂದೇ ಮಾಡಿದ್ದು, 3,600ರಲ್ಲಿ ದಿನವಿಡೀ ಓಡಿದರೂ ಬಳಲುವುದಿಲ್ಲ. ನಿಮ್ಮ ಕಿವಿಗೆ ಬಡಿಯುತ್ತಿರುವುದು ಬಹುಪಾಲು ಬಟ್ಟೆಯ ಟಾಪಿನ ಗಾಳಿ. ಟಾಪಿನ ಮತ್ತು ಕಿಟಕಿಯ ರಬ್ಬರುಗಳನ್ನು ಬದಲಿಸಿ ನೋಡಿ. ಹಳೆಯ ಗಾಡಿ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಆಯಿಲ್ ಕಡ್ಡಿಯನ್ನೂ ಒಮ್ಮೆ ಎಳೆದು ನೋಡಿ.

ಪ್ರಶ್ನೆ (ಬೆಂಗಳೂರಿನಿಂದ): ನನ್ನದು ಸ್ಪೋರ್ಟ್ಸ್ ಕಾರಲ್ಲ, ಒಂದು ಲೀಟರಿನ ಟರ್ಬೊ ಹ್ಯಾಚ್‌ಬ್ಯಾಕ್. ಮೈಸೂರು ಹೆದ್ದಾರಿಯಲ್ಲಿ 100ರ ಮಿತಿಯೊಳಗೆ ಆರನೇ ಗೇರಿನಲ್ಲೇ ಇರುತ್ತೇನೆ. ಟರ್ಬೊ ಇರುವುದರಿಂದ ಗೇರ್ ಇಳಿಸದೆ ಒತ್ತಿದರೂ ಎಳೆಯುತ್ತದೆ. ಸರಿಯಲ್ಲವೇ?

ಉತ್ತರ: ಎಳೆಯುತ್ತದೆ, ಅಪಾಯ ಇರುವುದೂ ಅಲ್ಲೇ. ನೇರ ಇಂಧನ ಚಿಮ್ಮುವ ಸಣ್ಣ ಟರ್ಬೊ ಇಂಜಿನ್‌ಗಳಲ್ಲಿ ಕಡಿಮೆ ಸುತ್ತು, ಪೂರ್ತಿ ಒತ್ತಿದ ಆಕ್ಸಿಲರೇಟರ್ ಎರಡೂ ಸೇರಿದರೆ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವುದುಂಟು. ಪಿಸ್ಟನ್ ಒಡೆದ ಉದಾಹರಣೆಗಳಿವೆ. ಎಂಎಕ್ಸ್-5 ಇಂಥ ಒತ್ತನ್ನು ನಡುಗಿ ತಿಳಿಸುತ್ತದೆ, ನಿಮ್ಮದು ಟಾರ್ಕಿನಲ್ಲಿ ಮುಚ್ಚಿಡುತ್ತದೆ. 2,000ಕ್ಕಿಂತ ಕೆಳಗೆ ಜೋರಾಗಿ ಒತ್ತಬೇಡಿ, ಒಂದು ಗೇರ್ ಇಳಿಸಿ. ಆಯಿಲ್ ಡಬ್ಬಿಯ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಪಿ ದರ್ಜೆ ಇದೆಯೇ ನೋಡಿ. 2020ರಲ್ಲಿ ಬಂದ ಈ ದರ್ಜೆಗೆ ಇಂಥ ಅಕಾಲ ದಹನವನ್ನು ತಡೆಯುವ ಪರೀಕ್ಷೆಯೂ ಸೇರಿದೆ.

ಪ್ರಶ್ನೆ (ಬೆಂಗಳೂರಿನಿಂದ): ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುವುದಾದರೂ ನಿಜವೇ ಸರ್?

ಉತ್ತರ: ಕಾರ್ಬ್ಯುರೇಟರ್ ಕಾಲದ ಮಾತು ಅದು. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲೇ ಇದ್ದು ಕಾಲೆತ್ತಿದರೆ ಇಂಜೆಕ್ಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿಟ್ಟರೆ ಇಂಜಿನ್ ಆರದಂತೆ ನೋಡಿಕೊಳ್ಳಲು ಸುರಿಯುತ್ತಲೇ ಇರುತ್ತದೆ. ಮೇಲಾಗಿ ಇಂಜಿನ್ ಬ್ರೇಕೂ ಇಲ್ಲ. ಶಿರಾಡಿ ಘಾಟಿಯಲ್ಲಿ ದಯವಿಟ್ಟು ಈ ಪ್ರಯೋಗ ಬೇಡ.