ಪಾಠ ಅವಲೋಕನಕ್ಕೆ ಅಂಕ ಹಾಕೋದು ಹೇಗೆ? ಅನುಭವ ಇರುವವರು ಹೇಳಿ

ಪ್ರಶ್ನೆ ಕೇಳಿದವರು

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಅವಲೋಕನದ ಕೆಲಸ ಈಗಷ್ಟೇ ನನ್ನ ಪಾಲಿಗೆ ಬಂದಿದೆ. ಪ್ರಶಿಕ್ಷಣಾರ್ಥಿ ಪಾಠ ಮಾಡುವಾಗ ಹಿಂದೆ ಕೂತು 20 ಅಂಶಗಳ ಪಟ್ಟಿ ತುಂಬಬೇಕು. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಕೆ, ಮುಕ್ತಾಯ, ಹೀಗೆ. ಕೂಡಿದರೆ ಎಲ್ಲರಿಗೂ ನೂರಕ್ಕೆ 88, 90, 91. ಚೆನ್ನಾಗಿ ಕಲಿಸಿದವರಿಗೂ ಅಷ್ಟೇ, ತಡವರಿಸಿದವರಿಗೂ ಹೆಚ್ಚುಕಡಿಮೆ ಅಷ್ಟೇ. ಅಂಕಕ್ಕೆ ಏನಾದರೂ ಅರ್ಥ ಬರಬೇಕಾದರೆ ನೀವು ಹೇಗೆ ಮಾಡುತ್ತೀರಿ? ಪಾಠ ಮುಗಿದ ಮೇಲೆ ಅವರಿಗೆ ಏನು ಹೇಳುತ್ತೀರಿ? ಲಿಖಿತ ಪರೀಕ್ಷೆ, ಪ್ರಶಿಕ್ಷಣಾರ್ಥಿಗಳು ಒಪ್ಪಿಸುವ ಪಾಠ ಯೋಜನೆಯ ಫೈಲುಗಳ ಬಗ್ಗೆಯೂ ಗೊತ್ತಿದ್ದರೆ ತಿಳಿಸಿ.

ಬೋಧನಾ ಅಭ್ಯಾಸದ ಮೇಲ್ವಿಚಾರಕಿ

ಪಾಠ ನಡೆಯುವಾಗ ಅಂಕ ಹಾಕಲೇಬೇಡಿ. ನನ್ನ ಮಟ್ಟಿಗೆ ಅರ್ಧ ಸಮಸ್ಯೆ ಅಲ್ಲೇ ಇದೆ.

20 ಕಾಲಂ ಇದ್ದರೂ ನಾವು ತುಂಬುವುದು ಒಂದೇ ಅಭಿಪ್ರಾಯವನ್ನು. ಹುಡುಗಿ ಆತ್ಮವಿಶ್ವಾಸದಿಂದ ನಿಂತಿದ್ದಾಳೆ, ದನಿ ಚೆನ್ನಾಗಿದೆ. ಅಷ್ಟಕ್ಕೇ ಕಪ್ಪುಹಲಗೆಗೂ ಒಳ್ಳೆ ಅಂಕ, ಪ್ರಶ್ನೆಗೂ ಒಳ್ಳೆ ಅಂಕ. ಮನೋವಿಜ್ಞಾನಿ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ್ದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವಕ್ಕೆ ಬೇರೆಬೇರೆ ಅಂಕ ಕೊಟ್ಟಿದ್ದರು. ಆದರೆ ಆ ಅಂಕಗಳೆಲ್ಲ ಒಂದರ ಹಿಂದೆ ಒಂದು ಹೋಗುತ್ತಿದ್ದವು, ಒಂದಕ್ಕೆ ಹೆಚ್ಚಿದ್ದರೆ ಉಳಿದದ್ದಕ್ಕೂ ಹೆಚ್ಚು. ಹೇಲೋ ಎಫೆಕ್ಟ್ ಅಂತ ನಾವೇ ಮನೋವಿಜ್ಞಾನದ ತರಗತಿಯಲ್ಲಿ ಪಾಠ ಮಾಡುತ್ತೇವೆ, ಅವಲೋಕನಕ್ಕೆ ಹೋದಾಗ ಮರೆಯುತ್ತೇವೆ!

ನಾನು ಮಾಡುವುದು ಇಷ್ಟೇ. ಹಾಳೆಯ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ಸಮಯ ಹಾಕಿ, ಕಂಡಿದ್ದು ಕೇಳಿದ್ದು ಮಾತ್ರ. ಬಲಭಾಗ ಪಾಠ ಮುಗಿಯುವವರೆಗೂ ಖಾಲಿ. "ಪ್ರಶ್ನೆ ಕೇಳುವ ಕೌಶಲ ಉತ್ತಮ" ಅಂತ ಎಡಕ್ಕೆ ಬರೆಯುವ ಹಾಗಿಲ್ಲ, ಅದು ತೀರ್ಪು. "10:12, 'ಅರ್ಥ ಆಯ್ತಾ?' ಅಂದರು, ಮುಂದಿನ ಸಾಲಿನ ಮಕ್ಕಳು 'ಹೌದು' ಅಂದರು, ತಕ್ಷಣ ಮುಂದಿನ ವಿಷಯಕ್ಕೆ ಹೋದರು" ಅಂತ ಬರೆಯಿರಿ. ಆಮೇಲೆ ಅಂಕ ಕೊಡುವಾಗ ಯಾವ ಸಾಲು ನೋಡಿ ಕೊಟ್ಟೆ ಅಂತ ಬೆರಳಿಟ್ಟು ತೋರಿಸಲು ಬರಬೇಕು. ತೋರಿಸಲು ಆಗದ ಅಂಕವನ್ನು ನಾನು ಹಾಕುವುದಿಲ್ಲ.

ಎಣಿಸಲು ಬರುವುದನ್ನು ಎಣಿಸಿ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದರು ಅನ್ನೋದು ಸುಲಭ. ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ಅಳೆದಾಗ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ನೆ ಕೂರುವವರು ಕಡಿಮೆಯಾದರು. ಹೊಸಬರಿಗೆ ಮೂರು ಸೆಕೆಂಡಿನ ಮೌನ ಅಂದರೆ ಒಂದು ಯುಗ, ನಿಜ. ಆದರೆ "ನೀವು ಮಕ್ಕಳಿಗೆ ಯೋಚಿಸಲು ಸಮಯ ಕೊಡುತ್ತಿಲ್ಲ" ಅಂದರೆ ವಾದಕ್ಕೆ ಬರುತ್ತಾರೆ. ಹಾಳೆಯ ಮೇಲೆ 1, 1, 2, 1 ಅಂತ ಇದ್ದರೆ ತಾವೇ ನೋಡಿ ನಗುತ್ತಾರೆ.

ತರಗತಿಯಲ್ಲಿ ಯಾರು, ಯಾವ ಬಗೆಯ ಮಾತು ಆಡುತ್ತಾರೆ ಅಂತ ಗುರುತು ಹಾಕುವ ಫ್ಲ್ಯಾಂಡರ್ಸ್ ವಿಧಾನವನ್ನೂ ಒಮ್ಮೆ ಕೈಯಾರೆ ಮಾಡಿ. ಪರೀಕ್ಷೆಗೆ ಎಲ್ಲರೂ ಓದಿರುತ್ತೇವೆ, ಮಾಡಿದವರು ಕಡಿಮೆ. ಒಟ್ಟು 10 ವರ್ಗ: ಶಿಕ್ಷಕರ ಮಾತಿಗೆ 7, ವಿದ್ಯಾರ್ಥಿ ಮಾತಿಗೆ 2, ಮೌನ ಅಥವಾ ಗದ್ದಲಕ್ಕೆ 1. ಪ್ರತಿ 3 ಸೆಕೆಂಡಿಗೆ ಒಮ್ಮೆ, ಆಗ ನಡೆಯುತ್ತಿರುವುದು ಯಾವ ವರ್ಗವೋ ಅದರ ಸಂಖ್ಯೆ ಬರೆಯಬೇಕು. 10 ನಿಮಿಷಕ್ಕೆ 200 ಸಂಖ್ಯೆ ಸಿಗುತ್ತವೆ. ಇಡೀ ಪಾಠಕ್ಕೆ ಮಾಡಿದರೆ ಕೈ ಬಿದ್ದುಹೋಗುತ್ತದೆ, ಬೇಡ. ನಡುವಿನ 10 ನಿಮಿಷ ಸಾಕು, ಯಾರು ಜಾಸ್ತಿ ಮಾತಾಡಿದರು ಅಂತ ಗೊತ್ತಾಗುತ್ತದೆ.

ಗಣಿತ ಬೋಧನಾ ವಿಧಾನ ನೋಡಿಕೊಳ್ಳುವವನು

ಮೇಲಿನವರ ಎಡಭಾಗ ಬಲಭಾಗ ಒಪ್ಪುತ್ತೇನೆ. ಎಣಿಕೆಯ ಬಗ್ಗೆ ಮಾತ್ರ ಸ್ವಲ್ಪ ತಕರಾರು. ಕೆಟ್ಟ ಪ್ರಶ್ನೆ ಕೇಳಿ ಮೂರು ಸೆಕೆಂಡ್ ಕಾದರೆ ಏನು ಬಂತು? ಫ್ಲ್ಯಾಂಡರ್ಸ್ ಪಟ್ಟಿಗೆ ಮಾತು ಯಾರದು, ಯಾವ ಬಗೆಯದು ಅಂತ ಗೊತ್ತಾಗುತ್ತದೆ. ಹೇಳಿದ ಗಣಿತ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಗುಂಪಿನಲ್ಲಿ ಮಕ್ಕಳು ಲೆಕ್ಕ ಮಾಡುತ್ತಿದ್ದರೆ ಅದಕ್ಕೆ ಏನೂ ಕಾಣಿಸುವುದೇ ಇಲ್ಲ.

ನಾನು ಕಾಯುವುದು ಮಗು ತಪ್ಪು ಉತ್ತರ ಹೇಳುವ ಗಳಿಗೆಗೆ. 1/2 ಕ್ಕೆ 1/3 ಕೂಡಿಸಿದರೆ 2/5 ಅಂತ ಒಂದು ಮಗು ಹೇಳಿತು ಅಂದುಕೊಳ್ಳಿ. ಪ್ರಶಿಕ್ಷಣಾರ್ಥಿ "ತಪ್ಪು, ಕೂತ್ಕೋ, ಲಸಾಅ ತಗೋಬೇಕು" ಅಂದರೆ ನನ್ನ ರೂಬ್ರಿಕ್‌ನಲ್ಲಿ, ಅಂದರೆ ಅಂಕ ಕೊಡುವ ಹಂತಗಳ ವಿವರಣೆಯಲ್ಲಿ, ಅದು ಕೆಳಗಿನ ಹಂತ. "ಹೇಗೆ ಬಂತು ಹೇಳು" ಅಂತ ಕೇಳಿ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾನೆ ಅಂತ ಪತ್ತೆ ಮಾಡಿ, ಆಮೇಲೆ ಸರಿಯಾದ ಕ್ರಮ ತೋರಿಸಿದರೆ ಅದರ ಮೇಲಿನದು. "2/5 ಅರ್ಧಕ್ಕಿಂತ ದೊಡ್ಡದಾ ಚಿಕ್ಕದಾ? ಅರ್ಧಕ್ಕೆ ಇನ್ನೂ ಏನೋ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗತ್ತಾ?" ಅಂತ ಮಗುವಿನ ಉತ್ತರದಿಂದಲೇ ಮಗುವನ್ನು ಎಡವಿಸಿದರೆ ಇನ್ನೂ ಮೇಲೆ. ಗಣಿತ ಬರುವವರೆಲ್ಲ ಹೀಗೆ ಕೇಳಲಾರರು. 1986ರಲ್ಲಿ ಶುಲ್ಮನ್ ವಿಷಯ ಜ್ಞಾನದಿಂದ ಬೇರ್ಪಡಿಸಿ ತೋರಿಸಿದ ಬೋಧನಾ ವಿಷಯ ಜ್ಞಾನ, ಅಂದರೆ ಆ ವಿಷಯವನ್ನು ಕಲಿಸುವ ಬಗೆಯ ತಿಳುವಳಿಕೆ, ಇದೇ. ನಿಮ್ಮ 20 ಅಂಶಗಳ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲಾದರೂ ಇದೆಯಾ ನೋಡಿ.

ರೂಬ್ರಿಕ್ ಅಂದರೆ "ಅತ್ಯುತ್ತಮ, ಉತ್ತಮ, ಸಾಧಾರಣ" ಅಂತ ಬರೆದ ಪಟ್ಟಿ ಅಲ್ಲ. ಪ್ರತಿ ಹಂತದಲ್ಲಿ ಶಿಕ್ಷಕ ಏನು ಮಾಡುತ್ತಾನೆ ಅಂತ ವಾಕ್ಯದಲ್ಲಿ ಇರಬೇಕು. ನನ್ನದರಲ್ಲಿ ನಾಲ್ಕೇ ಅಂಶ. ಹಂತಗಳೂ ನಾಲ್ಕು. ಐದು ಇಟ್ಟರೆ ಎಲ್ಲರೂ ನಡುವಿನದಕ್ಕೆ ಟಿಕ್ ಹಾಕಿ ಎದ್ದು ಹೋಗುತ್ತಾರೆ.

ಇನ್ನೊಂದು ಮಾತು. ಇಬ್ಬರು ಮೇಲ್ವಿಚಾರಕರು ಒಂದೇ ಪಾಠದ ವಿಡಿಯೊ ನೋಡಿ, ಪರಸ್ಪರ ಮಾತಾಡದೆ ಅಂಕ ಹಾಕಿ, ಆಮೇಲೆ ಹಾಳೆ ಬಿಚ್ಚಿ. ಜಗಳ ಆಗಲಿ, ಒಳ್ಳೆಯದೇ. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು 142 ಶಿಕ್ಷಕರಿಂದ ತಿದ್ದಿಸಿದಾಗ ಅಂಕ 64ರಿಂದ 98ರವರೆಗೆ ಹರಡಿತ್ತು. ಕೈಯಲ್ಲಿ ಹಿಡಿದ ಕಾಗದಕ್ಕೇ ಹೀಗಾದರೆ, ಕಣ್ಣೆದುರು ಓಡಿಹೋಗುವ ಪಾಠದ ಗತಿ ಏನು?

"ನಮ್ಮಲ್ಲಿ ಇಬ್ಬರ ಅಂಕವೂ ಹೊಂದುತ್ತವೆ" ಅಂತ ಖುಷಿಪಡುವ ಮೊದಲು ಈ ಲೆಕ್ಕ ನೋಡಿ. ಇಬ್ಬರೂ 90% ಜನರಿಗೆ ಕಣ್ಣುಮುಚ್ಚಿ "ಉತ್ತಮ" ಕೊಡುವವರು ಅಂತಿಟ್ಟುಕೊಳ್ಳಿ. 0.9 × 0.9 = 0.81, ಉಳಿದ 0.1 × 0.1 = 0.01. ಪಾಠವನ್ನೇ ನೋಡದಿದ್ದರೂ 82% ಸಲ ಹೊಂದಿಕೆ! ಈ ಪುಕ್ಕಟೆ ಹೊಂದಿಕೆಯನ್ನು ಕಳೆದು ನೋಡಲು ಕೊಹೆನ್ 1960ರಲ್ಲಿ ಕಪ್ಪಾ ಅನ್ನುವ ಅಳತೆ ಕೊಟ್ಟರು. ನಿಮ್ಮ 88, 90, 91ರ ಹಿಂದೆಯೂ ಇದೇ ಇರಬಹುದು.

ಈಚೆಗೆ ತರಬೇತಿ ಮುಗಿಸಿ ಶಾಲೆಗೆ ಸೇರಿದವಳು

ಆ ಕಡೆ ನಿಂತವಳ ಮಾತೂ ಕೇಳಿ. ಅಂಕದ ಪಾಠದ ಹಿಂದಿನ ದಿನವೇ ಮಕ್ಕಳಿಗೆ ಪ್ರಶ್ನೆ, ಉತ್ತರ ಎರಡನ್ನೂ ಹೇಳಿಕೊಟ್ಟಿರುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಕೈ ಎತ್ತುವ ಐದು ಮಕ್ಕಳೂ ಮೊದಲೇ ಗೊತ್ತಾದವರು. ನೀವು ಎಷ್ಟೇ ಚೆನ್ನಾಗಿ ಎಣಿಸಿದರೂ ನಾಟಕವನ್ನೇ ಎಣಿಸುತ್ತೀರಿ.

ನನಗೆ ನಿಜಕ್ಕೂ ಬೆವರಿಳಿಸಿದ್ದು ಒಬ್ಬ ಮೇಲ್ವಿಚಾರಕರು ಮಾತ್ರ. ಪಾಠ ಮುಗಿದ ಮೇಲೆ ತರಗತಿಯಿಂದ ಮೂರು ನೋಟ್ ಪುಸ್ತಕ ತಾವೇ ಆರಿಸಿ ತಂದರು. "ಈ ಹುಡುಗನಿಗೆ ಏನು ಅರ್ಥ ಆಗಿದೆ, ಏನು ಆಗಿಲ್ಲ, ನಾಳೆ ಇವನಿಗೆ ಏನು ಮಾಡ್ತೀಯಾ?" ಅಂದರು. ಇದಕ್ಕೆ ರಿಹರ್ಸಲ್ ಮಾಡಲು ಆಗುವುದಿಲ್ಲ. ಮೂರು ಪುಸ್ತಕಗಳ ಚರ್ಚೆಗೂ ಅಂಕ ಇಡಿ ಅಂತ ನನ್ನ ಸಲಹೆ.

ಮೇಲ್ವಿಚಾರಕಿ (ಮತ್ತೆ)

ನೋಟ್ ಪುಸ್ತಕದ ಉಪಾಯ ನಾನೂ ಎತ್ತಿಕೊಂಡೆ. ಪಾಠದ ನಂತರ ಏನು ಹೇಳಬೇಕು ಅನ್ನೋದಕ್ಕೂ ಅದರಿಂದಲೇ ದಾರಿ ಸಿಗುತ್ತದೆ. ಮೊದಲು ಅವರು ಮಾತಾಡಲಿ, ನೀವು ಆಮೇಲೆ. ಮುಂದಿನ ಪಾಠದಲ್ಲಿ ಬದಲಿಸಬೇಕಾದ್ದು ಒಂದೇ ಒಂದು ಹೇಳಿ. ಹನ್ನೆರಡು ಹೇಳಿದರೆ ಒಂದನ್ನೂ ಮಾಡುವುದಿಲ್ಲ.

ಮೊದಲ ಕೆಲವು ಪಾಠಗಳಿಗೆ ಅಂಕ ಇಡಲೇಬೇಡಿ. ನಡುವೆ ತಿದ್ದಿಕೊಳ್ಳಲು ಮಾಡುವ ಮೌಲ್ಯಮಾಪನ ರೂಪಣಾತ್ಮಕ, ಕೊನೆಗೆ ತೀರ್ಪು ಕೊಡಲು ಮಾಡುವುದು ಸಂಕಲನಾತ್ಮಕ; ಈ ವ್ಯತ್ಯಾಸವನ್ನು ಸ್ಕ್ರಿವೆನ್ 1967ರಲ್ಲಿ ಹೇಳಿದ್ದು. ನಾವು ಎರಡನ್ನೂ ಒಂದೇ ಹಾಳೆಗೆ ತುರುಕುತ್ತೇವೆ. ರೂತ್ ಬಟ್ಲರ್ 1988ರಲ್ಲಿ ಶಾಲಾ ಮಕ್ಕಳ ಜೊತೆ ಮಾಡಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದವರು ಮುಂದೆ ಹೋದರು. ಟಿಪ್ಪಣಿಯ ಜೊತೆ ಅಂಕವೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ದೊಡ್ಡವರೂ ಹಾಗೇ ಅಲ್ವಾ? ಹಾಳೆ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಸಂಖ್ಯೆಗೆ.

ಮೌಲ್ಯಮಾಪನ ಪತ್ರಿಕೆ ಪಾಠ ಮಾಡುವವರು

ಲಿಖಿತ ಪರೀಕ್ಷೆ ಬಗ್ಗೆ ಎರಡು ಮಾತು. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಜ್ಞಾಪಕದಿಂದ ವಿಶ್ಲೇಷಣೆ, ಅದರ ಮೇಲಿನವರೆಗೆ ಏರುವ ಬ್ಲೂಮ್ ಹಂತಗಳೆಲ್ಲ ಚಂದವಾಗಿ ಭರ್ತಿಯಾಗಿರುತ್ತವೆ. ಆದರೆ "ವಿಶ್ಲೇಷಿಸಿ" ಅಂತ ಬರೆದ ಮಾತ್ರಕ್ಕೆ ಅದು ವಿಶ್ಲೇಷಣೆಯ ಪ್ರಶ್ನೆ ಆಗುವುದಿಲ್ಲ. ಆ ವಿಶ್ಲೇಷಣೆ ನೋಟ್ಸ್‌ನಲ್ಲಿ ಇದ್ದರೆ ಅದು ಬಾಯಿಪಾಠದ ಪ್ರಶ್ನೆಯೇ. ಹಿಂದೆಂದೂ ನೋಡದ ಒಂದು ಪಾಠ ಯೋಜನೆ ಕೊಟ್ಟು ಅದರಲ್ಲಿರುವ ದೋಷ ಹುಡುಕಲು ಹೇಳಿ, ಆಗ ಗೊತ್ತಾಗುತ್ತದೆ.

ಪ್ರಶ್ನಾಂಶ ವಿಶ್ಲೇಷಣೆಯನ್ನು, ಅಂದರೆ ಒಂದೊಂದು ಪ್ರಶ್ನೆಯೂ ಚೆನ್ನಾಗಿ ಓದಿದವರನ್ನು ಉಳಿದವರಿಂದ ಬೇರ್ಪಡಿಸುತ್ತದೆಯಾ ಅಂತ ನೋಡುವುದನ್ನು, ಪ್ರಶಿಕ್ಷಣಾರ್ಥಿಗಳು ಬರೆದ ಪರೀಕ್ಷೆಯ ಮೇಲೆಯೇ ಮಾಡಿಸಿ. 100 ಜನ ಬರೆದಿದ್ದರೆ ಒಟ್ಟು ಅಂಕದಲ್ಲಿ ಮೇಲಿನ 27 ಜನ, ಕೆಳಗಿನ 27 ಜನ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 20, ಕೆಳಗಿನವರಲ್ಲಿ 8 ಜನ ಸರಿ ಬರೆದರೆ ವ್ಯತ್ಯಾಸ 12, ಅದನ್ನು 27ರಿಂದ ಭಾಗಿಸಿದರೆ 0.44. ಒಳ್ಳೆಯ ಪ್ರಶ್ನೆ. ಸೊನ್ನೆಗಿಂತ ಕೆಳಗೆ ಬಂದರೆ ಓದಿದವರೇ ಎಡವಿದ್ದಾರೆ ಅಂತ ಅರ್ಥ, ಮೊದಲು ಉತ್ತರದ ಕೀಲಿ ತಪ್ಪಿದೆಯಾ ನೋಡಿ. 30 ಜನರ ತರಗತಿಯಲ್ಲಿ ಗುಂಪಿಗೆ 8 ಜನ, ಒಬ್ಬ ಬದಲಾದರೂ ಸೂಚ್ಯಂಕ 0.12ರಷ್ಟು ಜಿಗಿಯುತ್ತದೆ. ಅಲ್ಲಿ ಜಾಸ್ತಿ ನಂಬಬೇಡಿ.

ಫೈಲುಗಳಿಗೆ ದಪ್ಪ, ಅಂಚಿನ ಬಣ್ಣ ನೋಡಿ ಅಂಕ ಕೊಡುವುದು, ರುಚಿ ನೋಡದೆ ಪಾತ್ರೆಯ ಹೊಳಪಿಗೆ ಅಂಕ ಕೊಟ್ಟ ಹಾಗೆ. ಅವರೇ ಆರಿಸಿದ ಎರಡು ಪಾಠ ಯೋಜನೆ ಸಾಕು, ಒಂದು ಕೈಕೊಟ್ಟ ಪಾಠದ್ದೇ ಆಗಿರಲಿ. ಎದುರು ಕೂರಿಸಿ ಪ್ರಶ್ನೆ ಕೇಳಿ. ಈಗ ಪಾಠ ಯೋಜನೆಯನ್ನು ಕಂಪ್ಯೂಟರ್ ಕ್ಷಣದಲ್ಲಿ ಬರೆದುಕೊಡುತ್ತದೆ, ಹಾಗಾಗಿ ಮಾತಿನ ಪರೀಕ್ಷೆಗೆ ಬೆಲೆ ಹೆಚ್ಚಿದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೊಂದು ತೊಡಕು. ಪ್ರಶಿಕ್ಷಣಾರ್ಥಿಗಳು ಪಾಠ ಮಾಡಲು ಹೋಗುವ ಅಭ್ಯಾಸ ಶಾಲೆಯ ಶಿಕ್ಷಕರೂ ಅಂಕ ಕೊಡಬೇಕು. ಪಾಪ, ಇವರ ಭವಿಷ್ಯ ಅಂತ ಎಲ್ಲರಿಗೂ ಪೂರ್ತಿ ಕೊಟ್ಟುಬಿಡುತ್ತಾರೆ.

ಗಣಿತದವನು

ಅವರನ್ನು ಅಂಕ ಕೇಳಬೇಡಿ. ನಿಯಮದಲ್ಲಿ ಅವರ ಪಾಲಿನ ಅಂಕ ಇರಲೇಬೇಕು ಅಂತಿದ್ದರೆ, ನಡೆದ ಸಂಗತಿ ಕೇಳುವ ಪ್ರಶ್ನೆ ಕೊಟ್ಟು ಉತ್ತರದಿಂದ ಅಂಕ ಬರುವ ಹಾಗೆ ಮಾಡಿ. "ನೀವು ಇಲ್ಲದಾಗ ತರಗತಿ ಇವರ ಕೈಗೆ ಬಿಟ್ಟಿದ್ದೀರಾ? ಮಕ್ಕಳ ಬರವಣಿಗೆ ತಿದ್ದಿ ಎಷ್ಟು ದಿನದಲ್ಲಿ ಹಿಂದಿರುಗಿಸುತ್ತಿದ್ದರು? ಹಿಂದುಳಿದ ಯಾವುದಾದರೂ ಮಗುವಿನ ಬಗ್ಗೆ ನಿಮ್ಮ ಹತ್ತಿರ ಮಾತಾಡಿದ್ದಾರಾ, ಯಾವ ಮಗು?" ಅಂಕದಲ್ಲಿ ಧಾರಾಳವಾಗಿರುವವರೂ ಈ ಕೊನೆಯ ಪ್ರಶ್ನೆಗೆ ಸುಳ್ಳು ಹೆಸರು ಬರೆಯುವುದಿಲ್ಲ, ಖಾಲಿ ಬಿಡುತ್ತಾರೆ.